ಸೇಡಂಗೆ ಹೋಗುವ ಮಾತು

ಪಕ್ಕದ ಮನೆಯವರು ಅಡುಗೆಮನೆ ಸರಿಮಾಡಿಸುತ್ತಿದ್ದಾರೆ. ಬೆಳಗಿನಿಂದ ಕಲ್ಲು ಕೊಯ್ಯುವ ಮಶೀನಿನ ಸದ್ದು. ಒಬ್ಬ ನೀರು ಹನಿಸುತ್ತಿದ್ದಾನೆ, ಇನ್ನೊಬ್ಬ ಫರಸಿ ಕಲ್ಲು ಕತ್ತರಿಸುತ್ತಿದ್ದಾನೆ. ಆ ಒದ್ದೆ ಕಲ್ಲಿನ ವಾಸನೆ ಮಳೆ ಬಿದ್ದ ಮಣ್ಣಿನ ವಾಸನೆಯಂಥದಲ್ಲ. ಸುಣ್ಣ, ಕಾದ ಕಬ್ಬಿಣ, ಬಾವಿಯ ತಳದ ತಂಪು ಎಲ್ಲ ಕೂಡಿದ ಹಾಗಿರುತ್ತದೆ. ಕಲಬುರಗಿಯ ನಮ್ಮ ಓಣಿಯವರು ಧೂಳಿಗೆ ಬೇಸತ್ತು ಕಿಟಕಿ ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ಶಹಾಬಾದಿನ ನಮ್ಮ ಬಾಡಿಗೆ ಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಫರಸಿ ಪಾಲಿಶ್ ಮಾಡುವ ಮಶೀನಿನ ಒಂದು ಅಂಗಳವಿತ್ತು. ಹುಟ್ಟಿದಾಗಿನಿಂದ ಹನ್ನೊಂದನೆಯ ವಯಸ್ಸಿನವರೆಗೆ ನಾನು ಆ ವಾಸನೆಯಲ್ಲೇ ಉಂಡು, ಓದಿ, ಮಲಗಿ ಎದ್ದವಳು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಇದ್ದರೆ, ಅದು ಈಗ ಇಲ್ಲದಿರುವುದು ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ಆ ಮನೆಯಲ್ಲಿ ನಾಲ್ಕು ಜನ ಇದ್ದೆವು. ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಂಗಿ ವಿಮಲಾ ಅತ್ಯಾ. ಅಪ್ಪ ಊರಿನ ಹಳೆಯ ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅತ್ಯಾ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಅವಳನ್ನು ಚಿಂಚೋಳಿ ಕಡೆಯ ಒಂದು ಮನೆತನಕ್ಕೆ ಕೊಟ್ಟಿದ್ದರಂತೆ. ಮದುವೆಯಾದ ವರ್ಷದೊಳಗೆ ಒಂದು ಟ್ರಂಕಿನೊಂದಿಗೆ ತಿರುಗಿ ಬಂದವಳು ಮತ್ತೆ ಹೋಗಲಿಲ್ಲ. ಆ ಗಂಡ ಬೇರೆ ಸಂಸಾರ ಮಾಡಿಕೊಂಡ. ಏಕೆ ಬಂದಳೆಂದು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಚಿಂಚೋಳಿಯ ಬಸ್ಸು ಎದುರಿಗೆ ಬಂದರೆ ಅತ್ಯಾ ಅದರ ಫಲಕದ ಕಡೆ ನೋಡುತ್ತಿರಲಿಲ್ಲ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಅವ್ವ ಮದುವೆಯಾಗಿ ಬರುವಷ್ಟರಲ್ಲಿ ಅತ್ಯಾ ಶಿಕ್ಷಕಿಯ ತರಬೇತಿ ಮುಗಿಸಿ ನೌಕರಿ ಹಿಡಿದು ಆ ಮನೆಯಲ್ಲಿ ನೆಲೆಯಾಗಿದ್ದಳು. ಅತ್ತಿಗೆ ನಾದಿನಿಯರ ನಡುವೆ ಇರಬೇಕಾದ ಮುನಿಸು ಏಕೋ ಅವರಿಬ್ಬರ ನಡುವೆ ಹುಟ್ಟಲೇ ಇಲ್ಲ. ಬೆಳಿಗ್ಗೆ ಒಬ್ಬಳು ಅಂಗಳಕ್ಕೆ ನೀರು ಹಾಕಿದರೆ ಇನ್ನೊಬ್ಬಳು ರಂಗೋಲಿ ಹಾಕುವಳು. ಒಬ್ಬಳು ಮೆಂತ್ಯದ ಹಿಟ್ಟಿಗೆ ಕಾಳು ಹುರಿದರೆ ಇನ್ನೊಬ್ಬಳು ಬೀಸುವಳು. ಹಿಂದಿನ ಮಶೀನಿನ ಸದ್ದಿಗೆ ಇಬ್ಬರೂ ಜೋರಾಗಿ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಕರೆಂಟು ಹೋಗಿ ಮಶೀನು ನಿಂತಾಗ ಅರ್ಧ ಮಾತು ಮೊದಲಿನ ಎತ್ತರದಲ್ಲೇ ಹೊರಟು, ಓಣಿಗೆಲ್ಲ ಕೇಳಿ, ಇಬ್ಬರೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ತೊಂಬತ್ತರ ದಶಕದ ನಡುವೆ ಅಪ್ಪನ ಕಾರ್ಖಾನೆಯಲ್ಲಿ ಕೆಲಸ ನಿಂತಿತು. ಅಪ್ಪನಿಗೆ ಸೇಡಂ ಹತ್ತಿರದ ಇನ್ನೊಂದು ಕಾರ್ಖಾನೆಯಲ್ಲಿ ಅಂಥದೇ ಕುರ್ಚಿ ಸಿಕ್ಕಿತು. ಸುಮಾರು ಒಂದು ವರ್ಷ ಅವರು ರೈಲಿನಲ್ಲೇ ಹೋಗಿಬಂದರು. ನಸುಕಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂ ಮುಟ್ಟಬೇಕು. ಸಂಜೆ ಅದೇ ದಾರಿಯಲ್ಲಿ ತಿರುಗಿ ಬರಬೇಕು. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕಾಯುವುದೇ ಅವರ ಅರ್ಧ ಆಯುಷ್ಯವಾಯಿತು. ಭಾನುವಾರ ಮನೆಯಲ್ಲಿದ್ದರೂ ಅವರು ಕೂತಲ್ಲೇ ನಿದ್ದೆಹೋಗುತ್ತಿದ್ದರು. ಒಂದು ಸಲ ತಿರುಗಿ ಬರುವಾಗ ನಿದ್ದೆಹತ್ತಿ, ಶಹಾಬಾದ ದಾಟಿದ್ದೂ ತಿಳಿಯದೆ ಸೊಲ್ಲಾಪುರದಲ್ಲಿ ಎಚ್ಚರಾಗಿ, ಮರುದಿನ ಬೆಳಿಗ್ಗೆ ಮನೆಗೆ ಬಂದರು. ಅವ್ವ ಚಹ ಕೊಟ್ಟಳು. ಸೇಡಂಗೆ ಮನೆ ಬದಲಿಸುವ ಮಾತು ಶುರುವಾದದ್ದು ಅಂದಿನಿಂದ.

ಅತ್ಯಾಳದೇ ತೊಡಕು. ಅವಳು ಬದಲಿ ಕೇಳಬಹುದಿತ್ತು, ಆದರೆ ಸೇಡಂನ ಯಾವ ಶಾಲೆಯಲ್ಲೂ ಜಾಗ ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ಸುಲೇಪೇಟದಲ್ಲಿ. ಸೇಡಂನಿಂದ ದಿನಾಲೂ ಬಸ್ಸಿಗೆ ಹೋಗಿಬರುವಷ್ಟು ದೂರ. ಅತ್ಯಾಳ ಗಂಡ ಪುಸ್ತಕ ಪಾಟಿಗಳ ಅಂಗಡಿ ಇಟ್ಟುಕೊಂಡಿದ್ದದ್ದೂ ಆ ಊರಿನಲ್ಲೇ. ಅಪ್ಪ ತಂಗಿಗೆ ನೇರವಾಗಿ ಏನನ್ನೂ ಕೇಳಲಾರರು. ಅವ್ವನಂತೂ ಮೊದಲೇ ಹೇಳಿಬಿಟ್ಟಿದ್ದಳು, “ವಿಮಲಾ ಹೂಂ ಅಂದ್ರ ನಾನೂ ಹೂಂ. ಆಕಿನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ ನೋಡ್ರಿ.” ಹಾಗಾಗಿ ಸೇಡಂನಲ್ಲಿ ಮನೆ ನೋಡುವ ಕೆಲಸವನ್ನು ಅತ್ಯಾಳಿಗೇ ಒಪ್ಪಿಸಿದರು. ಒಂದು ದಿನ ಅವಳು ರಜೆ ಹಾಕಿ, ನನ್ನನ್ನೂ ಕರೆದುಕೊಂಡು, ಅಪ್ಪನ ಜೊತೆ ನಸುಕಿನ ಗಾಡಿ ಹತ್ತಿದಳು.

ಸೇಡಂನ ಮನೆ ಚೆನ್ನಾಗಿಯೇ ಇತ್ತು. ಅಂಗಳದಲ್ಲಿ ನಳ, ದೇವರಿಗೆ ಬೇರೆ ಖೋಲಿ, ಹಿತ್ತಲಲ್ಲಿ ಒಂದು ಪಾರಿಜಾತ. ಮನೆ ತೋರಿಸಿ ಅಪ್ಪ ಕೆಲಸಕ್ಕೆ ಹೋದರು. ಸಂಜೆಯ ಗಾಡಿಯವರೆಗೆ ನಾವು ಅವರ ಗೆಳೆಯರ ಮನೆಯಲ್ಲಿ ಕೂರಬೇಕೆಂದು ಮಾತಾಗಿತ್ತು. ಅತ್ಯಾ ಅಲ್ಲಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಸ್ವಲ್ಪ ಹೊತ್ತು ಫಲಕಗಳನ್ನು ಓದಿ, ನನ್ನ ಕೈಹಿಡಿದು ಸುಲೇಪೇಟದ ಬಸ್ಸು ಹತ್ತಿಬಿಟ್ಟಳು. ಎರಡೂ ಕಡೆ ತೊಗರಿ ಹೊಲ, ಹೂ ಬಿಟ್ಟಿತ್ತು. ಮೊದಲು ಶಾಲೆಗೆ ಹೋದೆವು. ಹೆಡ್‌ಮಾಸ್ತರರು ಹುಡುಗರಿಗೆ ಲೆಕ್ಕ ಹಾಕಿಕೊಟ್ಟು ಹೊರಗೆ ಬಂದರು. ಅತ್ಯಾ ಬದಲಿಯ ಮಾತು ತಿಳಿಸಿದಳು. “ಬರ್ರಿ ಅಕ್ಕೋರ, ಕುಂದ್ರಿ,” ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. “ನೀವು ಬಂದ್ರ ಭಾಳ ಚಲೋ ಆತದ ನೋಡ್ರಿ. ಇಬ್ಬರೇ ಹೆಣಗ್ಯಾಡಾಕತ್ತೀವಿ.” ಅತ್ಯಾ ತರಗತಿಗಳನ್ನು ನೋಡಿದಳು, ಬೋರ್ಡಿನ ಮೇಲಿದ್ದ ಒಂದು ತಪ್ಪು ಕಾಗುಣಿತವನ್ನು ಬೆರಳಿನಿಂದ ಒರೆಸಿ ತಿದ್ದಿದಳು, ನಮಸ್ಕಾರ ಮಾಡಿ ಹೊರಬಿದ್ದಳು.

ಅಲ್ಲಿಂದ ನೇರ ಅಂಗಡಿಗೆ. ಯಾರ ಅಂಗಡಿಯೆಂದು ನನಗೆ ಆಗ ತಿಳಿದಿರಲಿಲ್ಲ. ಹಲಗೆಯ ಆಚೆ ಕೂತಿದ್ದ ಮನುಷ್ಯ, ತಲೆ ಅರ್ಧ ಬೋಳಾದವರು, ಹಣೆಯಲ್ಲಿ ನಮ್ಮ ಅಪ್ಪನ ಹಣೆಯಲ್ಲಿದ್ದಂಥದೇ ಅಂಗಾರ ಅಕ್ಷತೆ, ಅತ್ಯಾಳನ್ನು ಕಂಡು ಎದ್ದು ನಿಂತರು. ಮತ್ತೆ ಕೂತರು.

“ಆರಾಮಿದ್ದೀರಿ?” ಅಂದರು.

“ಆರಾಮಿದ್ದೀನಿ. ಈ ಹುಡುಗಿಗೊಂದು ಪೆನ್ಸಿಲ್ ಕೊಡ್ರಿ.”

“ಈಕಿ…?”

“ನಮ್ಮ ಅಣ್ಣನ ಮಗಳು.”

ಅವರು ಪೆನ್ಸಿಲ್ ತೆಗೆದರು. ಕೊಡದೆ, ಬ್ಲೇಡು ಹುಡುಕಿ ಅದನ್ನು ಕೆತ್ತತೊಡಗಿದರು. ತಲೆ ತಗ್ಗಿಸಿ, ಸಾವಕಾಶವಾಗಿ, ಅದೇ ಆ ದಿನದ ದೊಡ್ಡ ಕೆಲಸವೇನೋ ಎನ್ನುವಂತೆ ಕೆತ್ತಿದರು. ಮೊನೆ ಒಮ್ಮೆ ಮುರಿಯಿತು, ಮತ್ತೆ ಕೆತ್ತಿದರು. ಅತ್ಯಾ ಅಲುಗದೆ ನಿಂತು ನೋಡುತ್ತಿದ್ದಳು. ಒಳಗಿನಿಂದ ಯಾವುದೋ ಹೆಂಗಸಿನ ದನಿ ಊಟಕ್ಕೆ ಕರೆಯಿತು. ಅವರು ಹಲಗೆಯ ಮೇಲಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡು, ಪೆನ್ಸಿಲನ್ನು ನನ್ನ ಕೈಗಿಟ್ಟರು. ಅಷ್ಟೇ ನಡೆದದ್ದು. ತಿರುಗುವ ಬಸ್ಸಿನಲ್ಲಿ “ಯಾರು ಅತ್ಯಾ ಅವರು?” ಎಂದು ಕೇಳಿದೆ. “ನಿನಗ ಮಾಮಾ ಆಗಬೇಕಿತ್ತು,” ಅಂದಳು. ಸ್ವಲ್ಪ ದೂರ ಹೋದ ಮೇಲೆ ತನಗೆ ತಾನೇ ಎಂಬಂತೆ, “ಎಷ್ಟು ಸಣ್ಣ ಮನಿಷ್ಯಾ ಕಂಡ ನೋಡು. ಇಷ್ಟು ವರ್ಷ ಇವನಿಗೆ ಅಂಜಿಕೋತ ಕುಂತಿದ್ದೆನಾ?” ಅಂದು ಕಿಟಕಿಯ ಕಡೆ ತಿರುಗಿದಳು. ಅಳುತ್ತಿದ್ದಾಳೇನೋ ಎಂದು ಬಗ್ಗಿ ನೋಡಿದೆ. ಅಳುತ್ತಿರಲಿಲ್ಲ. ಮುಖಕ್ಕೆ ಗಾಳಿ ಬಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿದ್ದಳು.

ಮನೆಗೆ ಬಂದವಳೇ ಎಲ್ಲವನ್ನೂ ಅವ್ವನ ಮುಂದೆ ಒದರಿದೆ. ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ತೊಡಕು ಬಗೆಹರಿಯಿತೆಂದು ನಾವೆಲ್ಲ ತಿಳಿದೆವು. ಆ ವಾರವೆಲ್ಲ ಅವ್ವ ಯಾವ ಡಬ್ಬಿ ಒಯ್ಯಬೇಕು, ಯಾವುದನ್ನು ಯಾರಿಗೆ ಕೊಡಬೇಕು ಎನ್ನುವುದರಲ್ಲೇ ಇದ್ದಳು. ಭಾನುವಾರ ಊಟಕ್ಕೆ ಕೂತಾಗ ಅಪ್ಪ ಧೈರ್ಯ ತಂದುಕೊಂಡು, “ವಿಮಲಾ, ಬದಲಿಗೆ ಬರದು ಕೊಟ್ಟುಬಿಡು ಹಂಗಾರ,” ಅಂದರು.

“ಅಣ್ಣಾ, ನಾ ಬರಂಗಿಲ್ಲ,” ಅಂದಳು ಅತ್ಯಾ.

“ಅಂವ ಅಲ್ಲಿದ್ದಾನಂತನಾ?”

“ಅಂವ ಇದ್ರ ಇರವಲ್ನ್ಯಾಕ. ಅಂವ ಆ ಕಡೆ ಇದ್ದಾನಂತ ಇಷ್ಟು ದಿನ ಈ ಊರಾಗ ಅಡಗಿ ಕುಂತಿದ್ದೆ. ಈಗ ಹಂಗ ಅನಸ್ಲಿಕತ್ತಿಲ್ಲ. ಈಗ ಇಲ್ಲಿ ನನ್ನ ಸಾಲಿ ಅದ, ನನ್ನ ಹುಡುಗ್ಯಾರು ಇದ್ದಾರ. ತವರುಮನಿ ಆಯ್ತು, ಅವರ ಮನಿ ಆಯ್ತು, ನಿನ್ನ ಮನಿ ಆಯ್ತು. ಒಂದು ಖೋಲಿ ಹಿಡೀತೀನಿ. ನನ್ನ ಮನಿಯಾಗ ನಾ ಇದ್ದು ನೋಡ್ತೀನಿ.”

ಅಪ್ಪ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಹೆಣ್ಣುಮಗಳು ಒಬ್ಬಳೇ ಇರುವುದು ಆ ಕಾಲಕ್ಕೆ ನಮ್ಮ ಬಳಗದಲ್ಲಿ ಸಣ್ಣ ಮಾತಾಗಿರಲಿಲ್ಲ. ಅವ್ವ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಅತ್ಯಾ ಅವಳ ಕಡೆ ನೋಡಿ, ದನಿ ಇಳಿಸಿ, “ವೈನಿ, ನೀವು ಹೂಂ ಅನ್ರಿ. ಅಣ್ಣ ರೈಲಿನಾಗ ಸವದು ಹೋಗ್ಲಿಕತ್ತಾನ,” ಅಂದಳು. ಅವ್ವ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅತ್ಯಾಳ ಅನ್ನಕ್ಕೆ ಸಾರು ಬಡಿಸಿದಳು. ಅದನ್ನೇ ಎಲ್ಲರೂ ಒಪ್ಪಿಗೆಯೆಂದು ತಿಳಿದುಕೊಂಡೆವು.

ಬೇಸಿಗೆಯ ರಜೆಯಲ್ಲಿ ಲಾರಿ ಬಂತು. ಸಾಮಾನು ಏರಿಸುವಾಗ ಬೀಸುವ ಕಲ್ಲು ಅತ್ಯಾಳಿಗಿರಲಿ ಎಂದು ಅವ್ವ, ವೈನಿಗಿರಲಿ ಎಂದು ಅತ್ಯಾ ಹಟ ಹಿಡಿದು, ಕೊನೆಗೆ ಅದು ಹಿತ್ತಲಲ್ಲೇ ಉಳಿಯಿತು. ಸೇಡಂನ ಮನೆಯ ಸುತ್ತ ಯಾವ ಮಶೀನೂ ಇರಲಿಲ್ಲ. ಆದರೂ ಅವ್ವ ತುಂಬ ದಿನ ಅಡುಗೆಮನೆಯಲ್ಲಿ ಜೋರಾಗಿಯೇ ಮಾತು ಶುರುಮಾಡಿ, ನಡುವೆ ನಿಲ್ಲಿಸಿಬಿಡುತ್ತಿದ್ದಳು. ಅತ್ಯಾ ಮೊದಮೊದಲು ಪ್ರತಿ ಶನಿವಾರ ಬಂದಳು, ಆಮೇಲೆ ಹಬ್ಬಕ್ಕೆ, ಆಮೇಲೆ ದೊಡ್ಡ ರಜೆಗೆ. ಶಾಲೆಯ ಕೆಲಸ ಹೆಚ್ಚಾಗಿತ್ತು, ಓಣಿಯ ಮಕ್ಕಳು ಪಾಠಕ್ಕೆ ಬರುತ್ತಿದ್ದರು, ಅವಳ ಖೋಲಿಯ ಮುಂದೆ ಸಾಲಾಗಿ ಸೇವಂತಿಗೆ ಕುಂಡಗಳಿದ್ದವು. ಒಂದೆರಡು ಸಲ ಅಲ್ಲಿಗೆ ಹೋಗಿ ಉಳಿದಾಗ ಅವಳು ಸುಖವಾಗಿರುವುದನ್ನು ನಾನು ಕಂಡೆ. ಅವ್ವನೂ ಕಂಡಳು. ಅದರ ಬಗ್ಗೆ ದೂರಲು ಅವ್ವನಿಗೆ ಏನೂ ಇರಲಿಲ್ಲ. ಅದೇ ಅವಳಿಗೆ ಕಷ್ಟವಾಗಿರಬೇಕೆಂದು ಈಗ ಅನಿಸುತ್ತದೆ. ಬಹಳ ವರ್ಷಗಳ ಮೇಲೆ ಒಮ್ಮೆ, ಕಾಳು ಹಸನು ಮಾಡುತ್ತ, ನಾನು ಕೇಳದೆಯೇ ಹೇಳಿದಳು: “ಬಾ ಅಂತ ನಾ ಜುಲುಮಿ ಮಾಡಿದ್ರ ಆಕಿ ಬರ್ತಿದ್ಳೇನೋ. ಮಾಡ್ಲಿಲ್ಲ ನಾ. ಮಾಡಿದ್ರ ಆ ಹೂವಿನ ಕುಂಡ ಇರ್ತಿದ್ದಿಲ್ಲ.”

ನಾವು ಕಲಬುರಗಿಗೆ ಮದುವೆಗೋ ದವಾಖಾನೆಗೋ ರೈಲಿನಲ್ಲಿ ಹೋಗುವುದಿದ್ದರೆ ಅವ್ವ ಹಿಂದಿನ ದಿನವೇ ಅತ್ಯಾಳ ಪಕ್ಕದ ಮನೆಗೆ ಫೋನು ಮಾಡಿ ತಿಳಿಸುತ್ತಿದ್ದಳು. ಶಹಾಬಾದಿನಲ್ಲಿ ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು. ಅತ್ಯಾ ಪ್ಲಾಟ್‌ಫಾರ್ಮಿನಲ್ಲಿ ಗಾಡಿಯ ಒಂದೊಂದೇ ಬೋಗಿ ನೋಡುತ್ತ ಬೇಗಬೇಗ ನಡೆದು ಬರುವಳು. ಕಿಟಕಿಯ ಸರಳುಗಳ ನಡುವೆ ತೂರುವಂಥ ಚಪ್ಪಟೆ ಡಬ್ಬಿಯನ್ನು ಇದಕ್ಕೆಂದೇ ಕೊಂಡಿದ್ದಳು. ಅದರಲ್ಲಿ ಸಜ್ಜಕದ ಹೋಳಿಗೆ ಇರುತ್ತಿತ್ತು. ಇಬ್ಬರೂ ಒಮ್ಮೆಲೇ ಮಾತಾಡುವರು, ಯಾರಿಗೂ ಏನೂ ಕೇಳುತ್ತಿರಲಿಲ್ಲ, ಗಾಡಿ ಬಿಟ್ಟುಬಿಡುತ್ತಿತ್ತು.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅತ್ಯಾ ತೀರಿಕೊಂಡಳು. ಬೇನೆ ಬಿದ್ದ ಕೊನೆಯ ದಿನಗಳಲ್ಲಿ ಅವ್ವ ಅವಳ ಖೋಲಿಯಲ್ಲೇ ಇದ್ದಳು. ಅಲ್ಲಿ ಅವರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಅದಾದ ಮೇಲೆ ಒಂದು ದಿನ ನಾನೂ ಅವ್ವನೂ ಕಲಬುರಗಿಗೆ ಹೊರಟಿದ್ದೆವು. ಶಹಾಬಾದಿನಲ್ಲಿ ಗಾಡಿ ನಿಂತಿತು. ಅವ್ವ ಸೆರಗು ಸರಿಮಾಡಿಕೊಂಡು ಕಿಟಕಿಗೆ ಸರಿದು ಕೂತು, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಣ್ಣಾಡಿಸಿದಳು. ಎದುರಿಗೆ ಕೂತಿದ್ದ ಹೆಣ್ಣುಮಗಳು, “ಯಾರರ ಬರೋರಿದ್ರೇನ್ರೀ ಅವ್ವಾರ?” ಎಂದು ಕೇಳಿದಳು.

“ಇಲ್ಲವಾ,” ಅಂದಳು ಅವ್ವ. ತಾನು ಹತ್ತು ಹದಿನೈದು ವರ್ಷ ಬಾಳಿದ್ದ ಊರನ್ನು ಇನ್ನೊಮ್ಮೆ ನೋಡಿ ಹೇಳಿದಳು, “ಇದು ನಮ್ಮ ನಾದಿನಿ ಊರು.”