ನಲವತ್ತೇಳು ಚೀಟಿ

ಎಲ್ರಾಯ್ ಕೊಸ್ಕೆಲಾನಿಗೆ ಬೈಯಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿದವನು. ಜನವರಿಯ ಚಳಿಯಲ್ಲಿ ಬಸ್ಸಿನಡಿ ಅಂಗಾತ ಮಲಗಿ ಅವನು ಹಾಕುತ್ತಿದ್ದ ಸಹಸ್ರನಾಮ ಕೇಳಿಯೇ ನಮ್ಮ ಗಣಿಯೂರಿನ ಅರ್ಧ ಮಕ್ಕಳು ಆ ಮಾತುಗಳನ್ನು ಕಲಿತದ್ದು. ಅಂಥವನು ಆ ಅಕ್ಟೋಬರಿನಲ್ಲಿ ಸೊಂಟದ ಆಪರೇಷನ್ ಮುಗಿಸಿ, ಕೋಲೂರಿಕೊಂಡು ಬಂದು ತನ್ನ ಗ್ಯಾರೇಜಿನ ಬಾಗಿಲು ತೆಗೆದಾಗ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಹಳೆಯ ಪಿಕಪ್ಪಿನ ಬಾನೆಟ್ಟು ತೆರೆದಿತ್ತು. ಒಳಗೆ ಎಂಜಿನ್ನು ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅವನು ಬಿಟ್ಟುಹೋದಾಗ ನಾಲ್ಕೂ ದಿಕ್ಕಿಗೆ ಚಾಚಿಕೊಂಡಿದ್ದ ವೈರುಗಳೆಲ್ಲ ಈಗ ಕಪ್ಪು ಟೇಪು ಸುತ್ತಿಸಿಕೊಂಡು ಒಂದೇ ಕಟ್ಟಾಗಿ ಒಪ್ಪವಾಗಿ ಮಲಗಿದ್ದವು.

"ಹೆಂಗಿದೆ?" ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಮಾರ್ಲಿಸ್ ಕೇಳಿದಳು. "ನೀನು ಆಸ್ಪತ್ರೇಲಿದ್ದಾಗ ನಾಕು ದಿನ ಕೂತು ಮಾಡ್ದೆ. ವೈರಿಗೆಲ್ಲ ಟೇಪಿನ ಚೂರು ಅಂಟ್ಕೊಂಡಿತ್ತಲ್ಲ, ಗ್ರೀಸು ಮೆತ್ಕೊಂಡು ಅಸಹ್ಯವಾಗಿ? ಎಲ್ಲಾ ಕಿತ್ತು ಒಲೆಗೆ ಹಾಕ್ದೆ."

ಎಲ್ರಾಯ್ ವೈರುಗಳ ಕಟ್ಟಿನ ಮೇಲೆ ಉದ್ದಕ್ಕೂ ಕೈಯಾಡಿಸಿದ.

ಆ ಟೇಪಿನ ಚೂರುಗಳು ನಲವತ್ತೇಳು. ಗುಜರಿಯಲ್ಲಿ ಒಂದು ವ್ಯಾನಿನಿಂದ ಈ ಎಂಜಿನ್ನು ಎತ್ತುವ ಮೊದಲು, ಬಿಚ್ಚಿದ ಪ್ರತಿಯೊಂದು ವೈರಿಗೂ ಚೀಟಿ ಅಂಟಿಸಿ, ಇದು ಪೆಟ್ರೋಲ್ ಪಂಪಿನದು, ಇದು ಎಂಜಿನ್ನು ನಡೆಸುವ ಕಂಪ್ಯೂಟರಿನದು ಎಂದು ಅವನೇ ಬರೆದಿದ್ದ. ಆಮೇಲೆ ಪಿಕಪ್ಪಿಗೆ ಉದ್ದ ಸಾಲದೆ ಎಲ್ಲಕ್ಕೂ ಬೇರೆ ವೈರು ಜೋಡಿಸಿದ್ದ. ಬಸ್ ಶೆಡ್ಡಿನಿಂದ ತಂದಿದ್ದ ಒಂದೇ ಸುರುಳಿ, ಎಲ್ಲಾ ಕೆಂಪು. ಚೀಟಿ ಇರುವಾಗ ಬಣ್ಣದ ಚಿಂತೆ ಯಾರಿಗೆ? ಈ ಅರವತ್ತಾರನೇ ಇಸವಿಯ ಗಾಡಿಗೆ ಆ ವ್ಯಾನಿನ ಎಂಜಿನ್ನು ಕೂರಿಸುವ ನಕ್ಷೆ ಎಲ್ಲಿಯಾದರೂ ಇದ್ದರೆ, ಅದು ಆ ಚೀಟಿಗಳಲ್ಲಿ ಮಾತ್ರ ಇತ್ತು.

ಮಾರ್ಲಿಸ್ ಕಡೆ ತಿರುಗಿದ. ಮಂಡಿ ನೋವಿನವಳು, ಬೆನ್ನು ನೋವಿನವಳು, ಸ್ಟೂಲಿನ ಮೇಲೆ ನಾಲ್ಕು ದಿನ ಕೂತಿದ್ದಾಳೆ. ಉಗುರ ಸಂದಿಯ ಗ್ರೀಸು ಇನ್ನೂ ಹೋಗಿಲ್ಲ.

"ಚೆನ್ನಾಗಿದೆ," ಎಂದ. "ತುಂಬಾ ಚೆನ್ನಾಗಿದೆ, ಮಾರ್ಲಿಸ್."

ಆ ಪಿಕಪ್ಪು ಮಾರ್ಲಿಸಳ ಅಪ್ಪನದು. ಅವಳ ಅಮ್ಮ ಇರ್ಮಾಗೆ ನವೆಂಬರ್ ಹದಿನಾರಕ್ಕೆ ತೊಂಬತ್ತೆರಡು ತುಂಬುವುದಿತ್ತು. ವೃದ್ಧಾಶ್ರಮದಲ್ಲಿದ್ದರು. ಏನು ಉಡುಗೊರೆ ಬೇಕು ಎಂದು ಕೇಳಿದಾಗ, "ನಮ್ಮೋರ ಗಾಡೀಲಿ ಒಂದ್ಸಲ ಕೆರೆ ತನಕ ಕರ್ಕೊಂಡ್ಹೋಗಿ ಬಾರೋ," ಎಂದಿದ್ದರು. ಎಲ್ರಾಯ್ ಹೂಂ ಅಂದಿದ್ದ. ಮುಂದಿನ ವರ್ಷ ನೋಡೋಣ ಎನ್ನುವ ಹಾಗಿರಲಿಲ್ಲ; ಅವರ ಹೃದಯದ ಬಗ್ಗೆ ಡಾಕ್ಟರು ಮಾರ್ಲಿಸಳನ್ನು ಪಕ್ಕಕ್ಕೆ ಕರೆದು ಹೇಳಿ ಆಗಿತ್ತು.

ಗ್ಯಾರೇಜು ತೆರೆದು ನೋಡಿದ ದಿನದಿಂದ ಎಲ್ರಾಯ್ ಕಳ್ಳನ ಹಾಗೆ ನಕ್ಷೆ ಹುಡುಕತೊಡಗಿದ. ವ್ಯಾಯಾಮಕ್ಕೆ ನಡೆದು ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಲೈಬ್ರರಿಗೆ ಹೋದ. ಆ ವ್ಯಾನಿನ ದಪ್ಪ ಪುಸ್ತಕ ಅಲ್ಲಿತ್ತು, ಅದೇ ಇಸವಿಯದು. ತೆಗೆದು ನೋಡಿದರೆ ಚಿತ್ರದ ಪ್ಲಗ್ಗಿನಲ್ಲಿ ಎರಡು ಸಾಲು ಪಿನ್ನು, ಇವನ ಕೈಯಲ್ಲಿದ್ದ ಪ್ಲಗ್ಗಿನಲ್ಲಿ ಮೂರು ಸಾಲು. ಇಂಟರ್ನೆಟ್ಟಿನಲ್ಲಿ ಜಾಲಾಡಿದ. ಮನಿಟೋಬಾದ ಒಬ್ಬ ಪುಣ್ಯಾತ್ಮ ಇದೇ ಗಾಡಿಗೆ ಇದೇ ಎಂಜಿನ್ನು ಕೂರಿಸಿ, ವೈರು ಜೋಡಿಸಿದ ಒಂದೊಂದು ಹಂತದ ಫೋಟೋ ಹಾಕಿದ್ದ. ಫೋಟೋಗಳಿದ್ದ ಜಾಗದಲ್ಲಿ ಈಗ ಹದಿಮೂರು ಖಾಲಿ ಚೌಕ, ಕೆಳಗೆ 'ನೋಡಿ, ಎಷ್ಟು ಸುಲಭ!' ಎಂಬ ಮಾತು ಮಾತ್ರ ಉಳಿದಿತ್ತು. ಅವನಿಗೆ ಎರಡು ಸಲ ಬರೆದ, ಉತ್ತರವಿಲ್ಲ.

ಗುಜರಿಯ ಡ್ವೇನನ ಹತ್ತಿರ ಹೋದ.

"ಆ ವ್ಯಾನಾ? ಅಪ್ಪಚ್ಚಿ ಮಾಡಿ ಕಳಿಸಿ ಒಂದು ತಿಂಗಳಾಯ್ತು ಮಾರಾಯ," ಎಂದ ಡ್ವೇನ್. "ನೀನು ಚೀಟಿ ಅಂಟಿಸ್ಕೊಂಡಿದ್ಯಲ್ಲ? ಮದುವೆ ಹೆಣ್ಣಿನ ಹಂಗೆ ಸಿಂಗಾರ ಮಾಡ್ತಿದೀಯ ಅಂತ ನಾನೇ ನಕ್ಕಿದ್ದೆ."

"ಇತ್ತು. ಈಗಿಲ್ಲ."

"ಯಾವನೋ ಅದು ಕಿತ್ತ ಮುಠ್ಠಾಳ?"

ಎಲ್ರಾಯ್ ಕೆಮ್ಮಿ, ಕೋಲು ತೆಗೆದುಕೊಂಡು ಹೊರಟ.

ಕೊನೆಗೆ ಕರೆಂಟು ಪರೀಕ್ಷಿಸುವ ಮೀಟರು ಹಿಡಿದು ಒಂದೊಂದೇ ವೈರು ಮುಟ್ಟಿ ನೋಡುತ್ತಾ ಕೂತ. ಒಂದು ವಾರದಲ್ಲಿ ಹನ್ನೊಂದು ಗೊತ್ತಾದವು. ಹನ್ನೆರಡನೆಯದು ಎಂದುಕೊಂಡು ಜೋಡಿಸಿದ್ದು ಬುಸ್ಸೆಂದು ಹೊಗೆಯಾಡಿತು. ಕಂಪ್ಯೂಟರು ಸುಟ್ಟಿತೋ ಉಳಿಯಿತೋ ಅದೂ ತಿಳಿಯದು. ಮುಂದಿನ ವೈರು ಮುಟ್ಟಲು ಕೈ ಬರಲಿಲ್ಲ. ಮೂವತ್ತೊಂದು ವರ್ಷ ಒಂದು ದಿನವೂ ಬಸ್ಸು ತಪ್ಪದಂತೆ ನೋಡಿಕೊಂಡ ಮನುಷ್ಯ ಬಕೆಟ್ಟು ಬೋರಲು ಹಾಕಿ ಕೂತು ಅತ್ತ. ಇದನ್ನು ಅವನೇ ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಹೇಳಿದ್ದು.

ಹುಟ್ಟುಹಬ್ಬಕ್ಕೆ ಮೂರು ದಿನವಿರುವಾಗ ಮಾರ್ಲಿಸ್ ದಿನಸಿ ಅಂಗಡಿಯಿಂದ ನೇರ ಗ್ಯಾರೇಜಿಗೆ ಬಂದಳು. ಕೋಟು ಕೂಡ ಬಿಚ್ಚಿರಲಿಲ್ಲ.

"ಡ್ವೇನ್ ಸಿಕ್ಕಿದ್ದ. ಚೀಟಿ ಕಿತ್ತ ಮುಠ್ಠಾಳ ಯಾರು ಅಂತ ಪತ್ತೆಯಾಯ್ತಾ ಅಂತ ಕೇಳ್ದ."

ಎಲ್ರಾಯ್ ಮೀಟರು ಕೆಳಗಿಟ್ಟ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಲೆಯಿಂದ ವಾಪಸ್ ಬರ್ತಿತ್ತಾ?"

"ಬೈಬೇಕಿತ್ತು ಕಣೋ! ಊರಿಗೆಲ್ಲ ಬೈತೀಯ, ನಂಗೆ ಬೈಯಕ್ಕೇನು ರೋಗ?"

"ನಿನ್ನ ಉಗುರು ನೋಡ್ದೆ," ಎಂದ ಎಲ್ರಾಯ್. "ಬೈಯಕ್ಕಾಗ್ಲಿಲ್ಲ."

ಅವಳು ಸ್ಟೂಲಿನ ಮೇಲೆ ಕುಸಿದಳು. ಪರ್ಸು ತೆಗೆದು, ಒಳಗಿನಿಂದ ಮಡಚಿದ ಟೇಪಿನ ಚೂರೊಂದನ್ನು ಬಿಡಿಸಿ ಅವನ ಕೈಗಿಟ್ಟಳು. "ಗ್ರೀಸಿಲ್ದೆ ಓದಕ್ಕೆ ಬಂದಿದ್ದು ಇದೊಂದೇ. ಸುಡಕ್ಕೆ ಮನಸ್ಸು ಬರ್ಲಿಲ್ಲ."

ಚೀಟಿಯ ಮೇಲೆ ಅವನದೇ ಸೊಟ್ಟ ಅಕ್ಷರ: 'ಮಾರ್ಲಿಸ್ ಬೆನ್ನಿಗೆ.' ಅವಳು ಕೂರುವ ಕಡೆಯ ಸೀಟಿನಡಿ ಅವನು ಕರೆಂಟಿನಿಂದ ಬಿಸಿಯಾಗುವ ಒಂದು ಪ್ಯಾಡು ಹಾಕಿದ್ದ, ಯಾರಿಗೂ ಹೇಳದೆ. ಅದರದು ಆ ವೈರು, ವ್ಯಾನಿನ ನಲವತ್ತೇಳರ ಲೆಕ್ಕಕ್ಕೆ ಸೇರದ್ದು. ಎಲ್ಲಿಂದ ಕಿತ್ತದ್ದು ಎಂಬುದೂ ಅವಳಿಗೆ ನೆನಪಿತ್ತು, ಬಾಗಿಲ ಪಕ್ಕದಿಂದ ಬಂದ ದಪ್ಪ ವೈರು. ಬ್ಯಾಟರಿಗೆ ಜೋಡಿಸಿದ. ಐದು ನಿಮಿಷದಲ್ಲಿ ಸೀಟು ಬೆಚ್ಚಗಾಯಿತು. ಎಂಜಿನ್ನು ಸತ್ತಂತೆ ಬಿದ್ದಿತ್ತು.

"ಅಮ್ಮಂಗೆ ನಾನು ಹೇಳ್ತೀನಿ," ಎಂದಳು ಮಾರ್ಲಿಸ್. "ನನ್ನಿಂದ ಆಗಿದ್ದು, ನಾನೇ ಹೇಳ್ಬೇಕು."

ಹುಟ್ಟುಹಬ್ಬದ ಭಾನುವಾರ ಇರ್ಮಾರನ್ನು ಮನೆಗೆ ಕರೆತಂದರು. ಕೇಕು, ಕಾಫಿ, ಕಾಡಕ್ಕಿಯ ಸೂಪು ಎಲ್ಲ ಆಯಿತು. ಇರ್ಮಾ ಬಾಯಿ ಒರೆಸಿಕೊಂಡು, "ಗಾಡಿ ನೋಡೋಣ ನಡೀರಿ," ಎಂದರು. ಎಲ್ಲ ತಿಳಿದೂ ಒಂದು ಸಲ ಕೂರುವ ಆಸೆಯಿರಬೇಕು ಎಂದುಕೊಂಡ ಎಲ್ರಾಯ್, ಹೆಂಡತಿಯ ಜೊತೆ ಸೇರಿ ಅವರನ್ನು ಹತ್ತಿಸಿ ಬಾಗಿಲ ಕಡೆಯ ಸೀಟಿನಲ್ಲಿ ಕೂರಿಸಿದ. ಮಾರ್ಲಿಸ್ ನಡುವೆ ಕೂತಳು, ಅವನು ಸ್ಟೇರಿಂಗಿನ ಮುಂದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿತ್ತು. ಹಿಂದಿನ ದಿನ ಬಿದ್ದ ಹಿಮದ ನಡುವೆ ಕೆರೆಯ ರಸ್ತೆ ಕಾಣುತ್ತಿತ್ತು.

"ಅಯ್ಯೋ, ಸೀಟು ಬೆಚ್ಚಗಿದೆ!" ಇರ್ಮಾ ಕೈಯಿಂದ ಸವರಿ ನೋಡಿದರು. "ಈ ವೈಭೋಗ ಎಲ್ಲಿತ್ತೇ ನಿಮ್ಮಪ್ಪನ ಕಾಲದಲ್ಲಿ? ಕೆರೆ ಮುಟ್ಟೋ ಅಷ್ಟೊತ್ತಿಗೆ ಕೂತಲ್ಲೇ ಮರಗಟ್ಟಿ ಹೋಗ್ತಿದ್ದೆ."

ಎಲ್ರಾಯ್ ನಕ್ಕ. ಅವರೂ ನಕ್ಕರು.

"ಸರಿ ಕಣೋ, ಬಿಸಿಯಾಯ್ತು," ಎಂದರು. "ಇನ್ನು ಹೊರಡು."

ಎಲ್ರಾಯ್ ಹೆಂಡತಿಯ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ. ಮೂರು ದಿನ, ದಿನಕ್ಕೆರಡು ಸಲ ವೃದ್ಧಾಶ್ರಮಕ್ಕೆ ಹೋಗಿಬಂದಿದ್ದಳು, ಹೇಳಿಯೇ ಇರಲಿಲ್ಲ. ಅವನು ಬೈಯಲಿಲ್ಲ. ಯಾಕೆ ಹೇಳಲಾಗಲಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

"ಒಂದ್ನಿಮಿಷ, ಅತ್ತೆ," ಎಂದು ಕೀಲಿಯ ಮೇಲೆ ಕೈಯಿಟ್ಟ.

"ನಿಧಾನ ಆಗ್ಲಿ ಬಿಡು, ಹಳೇ ಗಾಡಿ," ಎಂದರು ಇರ್ಮಾ. ಸ್ಕಾರ್ಫಿನ ಗಂಟು ಬಿಗಿ ಮಾಡಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆ ನೋಡುತ್ತಾ ಕಾದರು.