ಹಳೆಯ ಯಂತ್ರಕ್ಕೆ ನಾನು ಆರಿಸಿದ್ದು

ಹೊಳೆನರಸೀಪುರದ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ಪುಸ್ತಕದ ಮುಂದೆ ಬಾಯಿ ಕಟ್ಟಿದವರಂತೆ ಕೂರುತ್ತಿದ್ದರು. ಅದನ್ನು ನೋಡಲಾರದೆ ತೊಂಬತ್ತರ ದಶಕದಲ್ಲೇ ಪಾಠಗಳನ್ನು ಕನ್ನಡದಲ್ಲಿ ಬರೆಯತೊಡಗಿದ್ದೆ. ಲೆಕ್ಕಗಳೂ ನಮ್ಮ ಕಡೆಯವೇ. ಚನ್ನರಾಯಪಟ್ಟಣ ಬಿಟ್ಟ ಬಸ್ಸು ಅರಕಲಗೂಡು ಸೇರುವಷ್ಟರಲ್ಲಿ ಅದರ ಸರಾಸರಿ ವೇಗ ಎಷ್ಟು, ಹಳೇಕೋಟೆಯ ಬಾವಿಯಿಂದ ನೀರೆತ್ತುವ ಪಂಪಿನ ಸಾಮರ್ಥ್ಯ ಎಷ್ಟು, ಇಂಥವು.

ನನ್ನ ಮೈದುನ ಹಾಸನದಲ್ಲಿ ಕಂಪ್ಯೂಟರ್ ತರಬೇತಿ ಸೆಂಟರ್ ನಡೆಸುತ್ತಿದ್ದ. ಎರಡು ಸಾವಿರದ ಇಸವಿಯ ನಂತರ ಅವನು ಹೊಸ ಯಂತ್ರಗಳನ್ನು ತರಿಸಿದಾಗ ಹಳೆಯವು ಮೂರನ್ನು ನಮ್ಮ ಮನೆಗೆ ತಂದು ಇಳಿಸಿದ.

"ಇಟ್ಕೊಳಿ ಅತ್ತಿಗೆ. ಗುಜರಿಯವ್ನೂ ಮುಟ್ಟಲ್ಲ ಅಂದ."

ಅವುಗಳಲ್ಲಿ ಒಂದನ್ನು ಸರ್ವರ್ ಮಾಡಬೇಕೆಂಬ ಆಸೆ ಹುಟ್ಟಿತು. ಪಾಠಗಳೆಲ್ಲ ಆ ಒಂದು ಪೆಟ್ಟಿಗೆಯಲ್ಲಿ ಇರಬೇಕು. ಹಜಾರದಲ್ಲಿಟ್ಟ ಉಳಿದ ಎರಡರ ಮುಂದೆ ಮಕ್ಕಳು ಕೂತು, ವೈರಿನ ಮೂಲಕ ಅಲ್ಲಿಂದಲೇ ತೆಗೆದು ಓದಬೇಕು. ಆದರೆ ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು? ಮೊದಲೇ ಇದ್ದ ಹಳೆಯ ವಿಂಡೋಸ್‌ನಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಹೊಸದನ್ನು ಹೊರುವ ಶಕ್ತಿ ಆ ಯಂತ್ರಗಳಿಗೆ ಇರಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯೊಂದಿಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ಸಿ.ಡಿ. ಉಚಿತವಾಗಿ ಬಂದಿತ್ತು. ಅದನ್ನು ಹಾಕಿದರೆ ಬಣ್ಣದ ಪರದೆ ಮೂಡುವ ಹೊತ್ತಿಗೆ ಸರ್ವರ್ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಬೇಸಿಗೆ ರಜೆಯೆಲ್ಲ ಒಂದನ್ನು ಹಾಕುವುದು, ಅಳಿಸುವುದು, ಇನ್ನೊಂದನ್ನು ಹಾಕುವುದು. ಕಡೆಗೆ ಬಣ್ಣವೇ ಬೇಡ, ಮೌಸೂ ಬೇಡ ಎಂದು ನಿರ್ಧರಿಸಿದೆ. ಸರ್ವರಿಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ ತೋರಿಸುವ ಲಿನಕ್ಸ್ ಹಾಕಿದೆ, ಹಜಾರದ ಎರಡಕ್ಕೆ ಕನ್ನಡ ನೆಟ್ಟಗೆ ಕಾಣಿಸುವ ಹಗುರ ಲಿನಕ್ಸ್. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಗೋಡೆಯ ಸುಣ್ಣದ ಬಣ್ಣವನ್ನೂ ನನ್ನನ್ನು ಕೇಳಿ ಆರಿಸಿರಲಿಲ್ಲ. ಇದನ್ನು ಮಾತ್ರ ನಾನೇ ಆರಿಸಿದ್ದೆ.

ಮೈದುನ ನೋಡಿ ನಕ್ಕ. "ಇದನ್ನ ಕಲಿತ್ರೆ ಯಾರು ಕೆಲ್ಸ ಕೊಡ್ತಾರೆ ಅತ್ತಿಗೆ? ನನ್ ಸೆಂಟರಲ್ಲಿ ಒಬ್ರೂ ಕೇಳಲ್ಲ."

"ಇದನ್ನ ಕಲಿಯೋಕೆ ಬರ್ತಿಲ್ಲಪ್ಪ ಅವರು. ಪಾಠ ಓದೋಕೆ ಬರ್ತಾರೆ" ಅಂದೆ.

ಭಾನುವಾರ ಹರದನಹಳ್ಳಿ, ಹಳೇಕೋಟೆ ಕಡೆಯ ಮಕ್ಕಳು ಬರುತ್ತಿದ್ದರು. ಹೀಗೆ ಕೆಲವು ವರ್ಷ ಕಳೆದ ಮೇಲೆ, ಮೊದಲ ಪಿ.ಯು.ಸಿ.ಗೆ ಹೊಸದಾಗಿ ಸೇರಿದ್ದ ಹರದನಹಳ್ಳಿಯ ಹುಡುಗಿಯೊಬ್ಬಳು ಬಸ್ಸಿನ ಲೆಕ್ಕ ಓದಿ ನನ್ನ ಕಡೆ ತಿರುಗಿದಳು. "ಮೇಡಂ, ಆ ಬಸ್ಸು ನಮ್ಮೂರ್ ಕ್ರಾಸಲ್ಲಿ ನಿಲ್ಲಾಕಿಲ್ಲ. ಅಂಗಾದ್ರೆ ವೇಗ ಇನ್ನೂ ಜಾಸ್ತಿ ಆಯ್ತದಲ್ವಾ?" ಅವಳು ಹೇಳಿದಂತೆ, ಬಸ್ಸು ಹರದನಹಳ್ಳಿ ಕ್ರಾಸಿನಲ್ಲಿ ನಿಲ್ಲದೆ ಹೋಗುತ್ತದೆ ಎಂದು ಲೆಕ್ಕವನ್ನು ತಿದ್ದಿದೆ.

 ಆ ವರ್ಷದ ಬೇಸಿಗೆಯಲ್ಲಿ ಉತ್ತರಪತ್ರಿಕೆ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿದ್ದೆ. ತಿರುಗಿ ಬಂದು ಸರ್ವರ್ ಆನ್ ಮಾಡಿದರೆ ಪರದೆಯ ತುಂಬ ಹೊಸ ವಿಂಡೋಸ್‌ನ ನೀಲಿ ಆಕಾಶ, ಹಸಿರು ಗುಡ್ಡ. ಪಕ್ಕದಲ್ಲಿ ಹೊಸ ಮೌಸು.

"ತಮ್ಮನೇ ಬಂದು ಸರಿ ಮಾಡ್ಕೊಟ್ಟ ಕಣೇ" ಅಂದರು ನಮ್ಮ ಯಜಮಾನರು. "ಹೊಸ ಮೆಮೊರಿನೂ ಹಾಕಿದಾನೆ. ಒಂದು ಅರ್ಜಿ ಟೈಪ್ ಮಾಡೋಣ ಅಂದ್ರೆ ಬರೀ ಕಪ್ಪಗಿತ್ತು. ನಾನೇ ಕರೆಸಿದೆ."

"ಪಾಠಗಳು?"

ಅವರಿಗೆ ಗೊತ್ತಿರಲಿಲ್ಲ. ಮೈದುನನಿಗೆ ಫೋನ್ ಮಾಡಿದೆ. "ಡಿಸ್ಕ್ ಬಿಚ್ಚಿ ಸೆಂಟರಿಗೆ ತಂದು ನೋಡ್ದೆ ಅತ್ತಿಗೆ. ಏನೂ ಓದೋಕಾಗ್ಲಿಲ್ಲ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡ್ಲೇಬೇಕಾಯ್ತು" ಅಂದ. ಫ್ಲಾಪಿಗಳಲ್ಲಿ ಇಟ್ಟಿದ್ದ ನಕಲುಗಳು ಬೂಷ್ಟು ಹಿಡಿದು ಹಾಳಾಗಿದ್ದವು. ಕೈಬರಹದ ಕರಡುಗಳನ್ನು ಟೈಪು ಮಾಡಿದ ಮೇಲೆ ಯಾವತ್ತೋ ರದ್ದಿಗೆ ಹಾಕಿದ್ದೆ. ಅಂದು ಸಂಜೆ ಅಡುಗೆ ಮಾಡಿದೆ, ಬಡಿಸಿದೆ. ರುಚಿಯಾಗಿದೆ ಅಂದರು ಯಜಮಾನರು.

ಕಾಲೇಜು ಶುರುವಾದ ಮೇಲೆ ಹರದನಹಳ್ಳಿಯ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಸಿ.ಡಿ. ಅದರ ಮೇಲೆ ಮೈದುನನ ಸೆಂಟರಿನ ಹೆಸರು, ಅವನದೇ ಫೋಟೋ.

"ಚನ್ನರಾಯಪಟ್ಟಣದಲ್ಲಿ ನಮ್ಮಣ್ಣ ತಂದ ಮೇಡಂ. ಇದು ನೀವು ಬರ್ದಿದ್ದೇ ಅಲ್ವಾ? ಬಸ್ಸಿನ ಲೆಕ್ಕದಾಗೆ ನಮ್ಮೂರ್ ಕ್ರಾಸೂ ಐತೆ."

ಕಾಲೇಜಿನ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಒಂದು ಪಾಠವೂ ತಪ್ಪಿರಲಿಲ್ಲ. ಅಳಿಸುವ ಮೊದಲು ಮೈದುನ ಎಲ್ಲವನ್ನೂ ಓದಿ, ತೆಗೆದಿಟ್ಟುಕೊಂಡಿದ್ದ.

ಯಜಮಾನರಿಗೆ ಹೇಳಿದೆ. ಅವರು ಪತ್ರಿಕೆ ಮಡಿಚಲಿಲ್ಲ. "ಮನೆಯವನೇ ತಾನೇ. ಹೊರಗಿನವರು ತಗೊಂಡಿದ್ರೆ ಬೇರೆ ಮಾತು."

ಮಾವನವರ ಶ್ರಾದ್ಧಕ್ಕೆ ಮೈದುನ ಬಂದ. ಊಟ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದವನನ್ನು ಕೇಳಿದೆ. "ಏನೂ ಓದೋಕಾಗ್ಲಿಲ್ಲ ಅಂದ್ಯಲ್ಲ?"

ಅವನು ತಡವರಿಸಲೂ ಇಲ್ಲ. "ಮೂಲೇಲಿ ಬಿದ್ದಿತ್ತು ಅತ್ತಿಗೆ. ಎಷ್ಟು ಮಕ್ಕಳು ನೋಡ್ತಿದ್ರು ಹೇಳಿ? ನಾನು ಜಿಲ್ಲೆಗೆಲ್ಲ ಮುಟ್ಟಿಸ್ದೆ. ನೀವು ಖುಷಿಪಡ್ಬೇಕು."

"ನನ್ನ ಹೆಸರು?"

"ಮನೆ ಹೆಂಗಸರ ಹೆಸ್ರು ಅಂಗಡಿ ಸಾಮಾನಿನ ಮೇಲೆ ಯಾಕೆ?"

ಒಳಗೆ ಅತ್ತೆಯವರು ಎಲೆ ಎತ್ತಲು ಕರೆಯುತ್ತಿದ್ದರು. ಹೋಗಿ ಎತ್ತಿದೆ. ಅವನ ಎಲೆಯನ್ನೂ.

ಮುಂದಿನ ವಾರ ಹಾಸನಕ್ಕೆ ಹೋಗಿ, ಅವನಿಲ್ಲದ ಹೊತ್ತು ನೋಡಿ, ಅವನ ಸೆಂಟರಿನಲ್ಲೇ ದುಡ್ಡು ಕೊಟ್ಟು ಆ ಸಿ.ಡಿ. ಕೊಂಡೆ. "ಒಳ್ಳೇ ಪಾಠಗಳು ಮೇಡಂ, ತುಂಬ ಓಡ್ತಿದೆ" ಎಂದಳು ಕೌಂಟರಿನ ಹುಡುಗಿ. ಮನೆಗೆ ಬಂದು ಗುಡ್ಡವನ್ನೂ ಆಕಾಶವನ್ನೂ ಅಳಿಸಿ ಮತ್ತೆ ಅದೇ ಲಿನಕ್ಸ್ ಹಾಕಿದೆ. ಪಾಠಗಳನ್ನು ನಕಲು ಮಾಡಿ, ಪ್ರತಿ ಪುಟದ ತಲೆಯ ಮೇಲಿದ್ದ ಅವನ ಸೆಂಟರಿನ ಹೆಸರನ್ನು ಕೂತು ತೆಗೆದೆ.

"ಮತ್ತೆ ಅದನ್ನೇ ಹಾಕಿದ್ಯಾ? ಪಾಸ್‌ವರ್ಡ್ ಏನು?" ಯಜಮಾನರು ಕೇಳಿದರು.

"ನನಗೆ ಗೊತ್ತಿದ್ರೆ ಸಾಕು."

ಅವರು ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆ ವರ್ಷ ಭಾನುವಾರಗಳಂದು ಬಂದವರು ಬೆರಳೆಣಿಕೆಯ ಮಕ್ಕಳು. ನಮ್ಮೂರಿನಲ್ಲೂ ಮೈದುನ ಒಂದು ಶಾಖೆ ತೆರೆದಿದ್ದ. ಅದರ ಪೂಜೆಗೆ ನಾನು ಹೋಗಲಿಲ್ಲ. ಅವನ ಮನೆಗೆ ಈಗಲೂ ಹೋಗುವುದಿಲ್ಲ. ಯಜಮಾನರು ಒಬ್ಬರೇ ಹೋಗಿ ಬರುತ್ತಾರೆ. ಬಂದು, ಅಲ್ಲಿ ಏನೇನು ಅಡುಗೆಯಿತ್ತು ಎಂದು ಹೇಳುತ್ತಾರೆ. ಹೇಳಿ ಎಂದು ನಾನು ಕೇಳಿರುವುದಿಲ್ಲ.