ಜಗಲಿಯಿಂದ ಸ್ಟಾರ್ಟ್ ಆಗುವ ಕಾರು

ನನಗೆ ಕಾರು ಓಡಿಸಲಿಕ್ಕೆ ಬರುತ್ತದೆ. ಅದು ಹೇಗೆ ಓಡುತ್ತದೆ ಎಂದು ಮಾತ್ರ ಗೊತ್ತಿಲ್ಲ. ಸಂಸಾರದ ವಿಷಯದಲ್ಲಿಯೂ ನನ್ನ ಸ್ಥಿತಿ ಇದೇ ಆದ್ದರಿಂದ ನಾಚಿಕೆಯೇನೂ ಇಲ್ಲ.

ನಮ್ಮ ಮನೆ ಇರುವುದು ಕುಂಬ್ಡಾಜೆಯ ಗುಡ್ಡದ ಇಳಿಜಾರಿನಲ್ಲಿ. ಹೆಂಡತಿ ಸುಮತಿಯ ತವರು ನೆಕ್ರಾಜೆ. ಬಿಸಿಲಿಗೆ ಕಾದ ಕಾರಿನಲ್ಲಿ ಕೂತರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಈ ಬೇಸಗೆಯಲ್ಲಂತೂ, "ನಾನು ಬರುವುದಿಲ್ಲ ಮಾರಾಯ್ರೆ, ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿದರೆ ಸಾಕು" ಎಂದುಬಿಟ್ಟಳು. ಹೇಳಿ ಆಚೆ ತಿರುಗಿ ಕಣ್ಣೊರೆಸಿಕೊಂಡದ್ದು ನೋಡಿ ನನಗೆ ಸಂಕಟವಾಯಿತು. ಹೇಗಾದರೂ ಇವಳನ್ನು ತಂಪಾಗಿ ತವರಿಗೆ ಮುಟ್ಟಿಸಬೇಕು! ಜಗಲಿಯಲ್ಲಿ ನಿಂತು ಗುಂಡಿ ಒತ್ತಿದರೆ ಕಾರು ತಾನೇ ಸ್ಟಾರ್ಟ್ ಆಗಿ ಎಸಿ ಹಾಕಿಕೊಳ್ಳುವಂಥ ರಿಮೋಟು ಸಿಗುತ್ತದೆಂದು ತಿಳಿದದ್ದೇ ತಡ, ಕಾರು ತೆಗೆದುಕೊಂಡು ಕುಂಬಳೆಗೆ ಓಡಿದೆ.

ಅಲ್ಲಿ ಕಾರಿನ ವೈರಿಂಗ್ ಕೆಲಸದ ಹಮೀದ್ ಸ್ಟೇರಿಂಗಿನ ಅಡಿಯ ಮುಚ್ಚಳ ಬಿಚ್ಚಿದ. ಒಳಗೆ ಶಾವಿಗೆಯ ಹಾಗೆ ವೈರು. ವಿದ್ಯೆ ಮಾತ್ರ ಸರಳ. ಕೀಲಿಕೈ ತಿರುಗಿಸಿದಾಗ ಯಾವ ವೈರುಗಳಿಗೆ ಕರೆಂಟು ಹೋಗುತ್ತದೋ ಅವನ್ನು ಹುಡುಕಿ, ರಿಮೋಟಿನ ಜೊತೆ ಬಂದ ಹೊಸ ಪೆಟ್ಟಿಗೆಯಿಂದ ಅವಕ್ಕೆ ಒಂದೊಂದು ಕೊಂಡಿ ಹಾಕುವುದು. ಇಗ್ನಿಶನ್ನಿಗೆ ಒಂದು, ಎಸಿಗೆ ಒಂದು, ಸ್ಟಾರ್ಟರಿಗೆ ಒಂದು. ನನ್ನ ಕಾರು ಕ್ಲಚ್ ತುಳಿಯದೆ ಸ್ಟಾರ್ಟ್ ಆಗುವ ಜಾತಿಯದ್ದಲ್ಲ. ಅದಕ್ಕೆ, 'ಕ್ಲಚ್ ತುಳಿದಿದ್ದಾರೆ' ಎಂದು ಕಾರನ್ನು ನಂಬಿಸಲು ಬೇರೆಯೇ ಒಂದು ವೈರು. ಸುಳ್ಳು ಹೇಳಲಿಕ್ಕೂ ವೈರು ಉಂಟು ಎಂದು ನನಗೆ ಅವತ್ತೇ ಗೊತ್ತಾದದ್ದು.

"ಗೇರಿನಲ್ಲಿಟ್ಟು ಇಳಿಯಬೇಡಿ ಸಾರ್. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ" ಎಂದ ಹಮೀದ್.

"ಅಷ್ಟು ಗೊತ್ತುಂಟು ಮಾರಾಯ" ಎಂದೆ.

ಗೊತ್ತಿದ್ದದ್ದು ತಲೆಗೆ, ಕೈಗೆ ಗೊತ್ತಿರಬೇಕಲ್ಲ! ನಮ್ಮ ಗುಡ್ಡದಲ್ಲಿ ಬರೀ ಹ್ಯಾಂಡ್‌ಬ್ರೇಕ್ ನಂಬಿ ಕಾರು ನಿಲ್ಲಿಸುವವನನ್ನು ಜನ ಕನಿಕರದಿಂದ ನೋಡುತ್ತಾರೆ. ಏರಿಗೆ ಮುಖ ಮಾಡಿ, ಫಸ್ಟ್ ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಇಳಿಯುವುದೇ ಇಲ್ಲಿಯ ಸಂಪ್ರದಾಯ. ನಾನು ಮನೆಗೆ ಬಂದು, ಅಭ್ಯಾಸಬಲದಿಂದ ಅದನ್ನೇ ಮಾಡಿ, ಜಗಲಿ ಹತ್ತಿದೆ. ಕುಂಬಳೆಯಿಂದಲೇ ಫೋನು ಮಾಡಿ ತಿಳಿಸಿದ್ದರಿಂದ ಸುಮತಿ ತವರಿಗೆಂದು ಸೀರೆ ಉಟ್ಟು, ಚೀಲ ಹಿಡಿದು ಸಿದ್ಧಳಾಗಿದ್ದಳು. "ನೋಡುತ್ತಿರು" ಎಂದು ಗತ್ತಿನಿಂದ ಗುಂಡಿ ಒತ್ತಿದೆ.

ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು. ಬಟ್ಟೆ ಒಣಹಾಕಿದ ಹಗ್ಗ ಕಡಿದು, ಎದುರಿನ ಧರೆಯ ಮಣ್ಣುಗೋಡೆಗೆ ಮೂತಿ ಒತ್ತಿ, ಗಾಜಿನ ಮೇಲೆ ನನ್ನ ಪಂಚೆ ಹೊದ್ದುಕೊಂಡು ನಿಂತಿತು.

"ಅಯ್ಯೋ ದೇವರೇ! ಎಂತ ಮಾಡಿದ್ದು ನೀವು?"

ನಾನು ಮರ್ಯಾದೆ ಉಳಿಸಿಕೊಳ್ಳಲಿಕ್ಕೆ ಇಗ್ನಿಶನ್ನಿನಿಂದ ಹಿಡಿದು ಸುಳ್ಳು ಹೇಳುವ ವೈರಿನವರೆಗೆ ಎಲ್ಲ ವಿವರಿಸಿದೆ. ಪುಣ್ಯಾತ್ಗಿತ್ತಿ ಪೂರ್ತಿ ಕೇಳಿದಳು. ಆಮೇಲೆ, "ಇಷ್ಟೆಲ್ಲ ಯಾಕೆ? ನೀವೇ ಸ್ವಲ್ಪ ಮುಂಚೆ ಹೋಗಿ ಕೀಲಿಕೈ ತಿರುಗಿಸಿ, ಎಸಿ ಹಾಕಿ ಕೂತರೆ ಆಗುವುದಿಲ್ಲವಾ?" ಎಂದಳು.

ಸತ್ಯವಾಗಿ ಹೇಳುತ್ತೇನೆ, ಅದು ನನಗೆ ಹೊಳೆದೇ ಇರಲಿಲ್ಲ.

ಈಗ ಸುಮತಿ ವಾರ ತಪ್ಪದೆ ಅಮ್ಮನನ್ನು ನೋಡಿ ಬರುತ್ತಾಳೆ. ಜಗಲಿಯಿಂದ ಒಮ್ಮೆ ಕೈ ಬೀಸುತ್ತಾಳೆ, ಕಾರು ಸ್ಟಾರ್ಟ್ ಆಗುತ್ತದೆ. ಒಳಗೆ ಕೀಲಿಕೈ ತಿರುಗಿಸಿದ ನಾನು ಎಸಿ ತಂಪಾಗುವವರೆಗೆ ಬೆವರಿ ತೊಪ್ಪೆಯಾಗುತ್ತೇನೆ. ಇದುವರೆಗೆ ವೈರಿಂಗಿನಲ್ಲಿ ಒಂದು ದೋಷವೂ ಬಂದಿಲ್ಲ.